ಹಳೆಯ ಸ್ಪೋರ್ಟ್ಸ್ ಕಾರಿನ ಎಕ್ಸಾಸ್ಟ್ ವಾಲ್ವ್ ಕಚ್ಚಿಕೊಂಡಿದೆಯೇ? ಬಿಡಿಸುವ ಬಗೆ ಹೀಗೆ

"ಸೆಕೆಂಡ್ ಹ್ಯಾಂಡ್ ಪೋರ್ಷೆ ಕೊಂಡೆ. ಸ್ಪೋರ್ಟ್ಸ್ ಎಕ್ಸಾಸ್ಟ್ ಬಟನ್ ಒತ್ತಿದರೆ ದೀಪ ಹತ್ತುತ್ತದೆ, ಸದ್ದು ಮಾತ್ರ ಬದಲಾಗುವುದಿಲ್ಲ. ಏನು ಮಾಡಲಿ?" ಈ ಪ್ರಶ್ನೆ ವೇಷ ಬದಲಿಸಿಕೊಂಡು ನನ್ನ ಬಳಿ ಬರುತ್ತಲೇ ಇರುತ್ತದೆ. ಒಮ್ಮೆ ಪೋರ್ಷೆ 997, ಒಮ್ಮೆ ಆ್ಯಸ್ಟನ್ ಮಾರ್ಟಿನ್ ವಿ8 ವಾಂಟೇಜ್, ಇನ್ನೊಮ್ಮೆ ಬಿಎಂಡಬ್ಲ್ಯು 335ಐ. ಕಾರು ಬೇರೆಯಾದರೂ ಗೋಳು ಒಂದೇ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಗಿದೆ, ಆದ್ದರಿಂದ ಎಲ್ಲವನ್ನೂ ಇಲ್ಲಿ ಒಂದೇ ಕಡೆ ಬರೆಯುತ್ತಿದ್ದೇನೆ.

ಕೆಲಸ ಕಷ್ಟದ್ದಲ್ಲ, ಆದರೆ ತಾಳ್ಮೆ ಬೇಡುತ್ತದೆ. ಶುಕ್ರವಾರ ಸಂಜೆ ಶುರು ಮಾಡಿದರೆ ಭಾನುವಾರ ಮಧ್ಯಾಹ್ನಕ್ಕೆ ಮುಗಿಯಬಹುದು. ಶನಿವಾರ ಬೆಳಿಗ್ಗೆ ಕೈಹಾಕಿ ಊಟದ ಹೊತ್ತಿಗೆ ಮುಗಿಸುತ್ತೇನೆ ಎಂದು ಹೊರಡುವವರೇ ಹೆಚ್ಚಾಗಿ ಏನನ್ನಾದರೂ ಮುರಿದುಕೊಳ್ಳುತ್ತಾರೆ.

ಮೊದಲು ಹೆಸರಿನ ಗೊಂದಲ

ಎಕ್ಸಾಸ್ಟ್ ವಾಲ್ವ್ ಎಂಬ ಹೆಸರಿನಲ್ಲಿ ಕಾರಿನಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ. ಒಂದು ಎಂಜಿನ್ನಿನ ತಲೆಭಾಗದಲ್ಲಿ, ಅಂದರೆ ಸಿಲಿಂಡರ್ ಹೆಡ್‌ನಲ್ಲಿ, ಉರಿದ ಅನಿಲವನ್ನು ಹೊರಬಿಡುವ ಕವಾಟ. ಅದು ಸಿಕ್ಕಿಕೊಂಡರೆ ಎಂಜಿನ್ ನಡುಗುತ್ತದೆ, ಶಕ್ತಿ ಕಳೆದುಕೊಳ್ಳುತ್ತದೆ, ಕೆಲವೊಮ್ಮೆ ಕೆಟ್ಟೇ ಹೋಗುತ್ತದೆ. ಇನ್ನೊಂದು ಹಿಂದುಗಡೆ ಸೈಲೆನ್ಸರ್‌ನಲ್ಲಿ ಕುಳಿತು ಸದ್ದನ್ನು ಏರಿಸುವ, ಇಳಿಸುವ ಕವಾಟ. ಈ ಲೇಖನ ಈ ಎರಡನೆಯದರ ಬಗ್ಗೆ ಮಾತ್ರ.

ಇದನ್ನೇಕೆ ಒತ್ತಿ ಹೇಳುತ್ತಿದ್ದೇನೆಂದರೆ, ನನ್ನ ಪರಿಚಯದವರೊಬ್ಬರು ಫೋನಿನಲ್ಲಿ "ಎಕ್ಸಾಸ್ಟ್ ವಾಲ್ವ್ ಜಾಮ್ ಆಗಿದೆ" ಎಂದಷ್ಟೇ ಹೇಳಿದ್ದಕ್ಕೆ ಒಂದು ಗ್ಯಾರೇಜಿನವರು ಹೆಡ್ ಬಿಚ್ಚುವ ಅಂದಾಜು ಪಟ್ಟಿಯನ್ನೇ ಕಳಿಸಿಬಿಟ್ಟರು. ಕೆಟ್ಟಿದ್ದು ಒಂದು ಅಂಗೈ ಉದ್ದದ ರಬ್ಬರ್ ಕೊಳವೆ. ಮೆಕ್ಯಾನಿಕ್ ಹತ್ತಿರ ಮಾತನಾಡುವಾಗ "ಸೈಲೆನ್ಸರ್ ವಾಲ್ವ್" ಅಥವಾ "ಸೈಲೆನ್ಸರ್ ಫ್ಲ್ಯಾಪ್" ಎನ್ನಿ.

ಒಳಗೆ ಏನಿದೆ

ಸೈಲೆನ್ಸರ್ ಕೊಳವೆಗೆ ಅಡ್ಡಲಾಗಿ ಒಂದು ಉಕ್ಕಿನ ಕಡ್ಡಿ ಹಾದುಹೋಗಿದೆ, ಇದು ಶಾಫ್ಟ್. ಅದಕ್ಕೆ ಬೆಸೆದ ದುಂಡನೆಯ ತಗಡನ್ನು ಇಲ್ಲಿ ಬಿಲ್ಲೆ ಎಂದು ಕರೆಯುತ್ತೇನೆ. ಶಾಫ್ಟಿನ ಎರಡು ತುದಿಗಳೂ ಬುಷ್ ಎಂಬ ಪುಟ್ಟ ಉಂಗುರಗಳಲ್ಲಿ ಕುಳಿತು ತಿರುಗುತ್ತವೆ. ಒಂದು ತುದಿ ಹೊರಗೆ ಚಾಚಿದೆ, ಅದಕ್ಕೊಂದು ಸಣ್ಣ ತೋಳು. ಆ ತೋಳನ್ನು ಎಳೆಯುವುದು ಒಂದು ಡಬ್ಬಿ.

ಆ ಡಬ್ಬಿಯೊಳಗೆ ರಬ್ಬರ್ ಪೊರೆ ಮತ್ತು ಸ್ಪ್ರಿಂಗ್ ಇರುತ್ತವೆ. ಎಂಜಿನ್ ಗಾಳಿ ಹೀರುವಾಗ ಉಂಟಾಗುವ ನಿರ್ವಾತ, ಅಂದರೆ ವ್ಯಾಕ್ಯೂಮ್, ಒಂದು ತೆಳು ಕೊಳವೆಯ ಮೂಲಕ ಈ ಡಬ್ಬಿಗೆ ಬರುತ್ತದೆ. ಪೊರೆ ಒಳಕ್ಕೆ ಸೆಳೆದುಕೊಳ್ಳುತ್ತದೆ, ತೋಳು ತಿರುಗುತ್ತದೆ, ಬಿಲ್ಲೆ ಮುಚ್ಚುತ್ತದೆ. ನಡುವೆ ಸೋಲಿನಾಯ್ಡ್ ಇದೆ. ಅದು ಕರೆಂಟಿನಿಂದ ತೆರೆದು ಮುಚ್ಚುವ ಗಾಳಿಯ ನಲ್ಲಿ. ನೀವು ಒತ್ತುವ ಬಟನ್ ಮಾತನಾಡುವುದು ಈ ನಲ್ಲಿಯ ಜೊತೆಗೆ.

ಪೋರ್ಷೆ 997, ವಿ8 ವಾಂಟೇಜ್, ಫೆರಾರಿ 360 ಮತ್ತು ಎಫ್430, ಷೆವರ್ಲೆ ಕಾರ್ವೆಟ್ ಸಿ6 ಇವೆಲ್ಲ ಇದೇ ಬಗೆಯವು. ಇವುಗಳಲ್ಲಿ ಒಂದು ಸಾಮ್ಯ ನೆನಪಿಡಿ: ವ್ಯಾಕ್ಯೂಮ್ ಬಂದರೆ ಬಿಲ್ಲೆ ಮುಚ್ಚುತ್ತದೆ, ಬಾರದಿದ್ದರೆ ಸ್ಪ್ರಿಂಗ್ ಅದನ್ನು ತೆರೆದಿಡುತ್ತದೆ. ಮುಂದೆ ಮಾಡುವ ಪತ್ತೇದಾರಿಕೆಯೆಲ್ಲ ನಿಂತಿರುವುದು ಈ ಒಂದು ಸಂಗತಿಯ ಮೇಲೆ. ಇತ್ತೀಚಿನ ಕಾರುಗಳಲ್ಲಿ ಡಬ್ಬಿಯ ಜಾಗದಲ್ಲಿ ವಿದ್ಯುತ್ ಮೋಟಾರ್ ಇರುತ್ತದೆ, ಅದನ್ನು ಕೊನೆಯಲ್ಲಿ ನೋಡೋಣ.

ಏಕೆ ಕಚ್ಚಿಕೊಳ್ಳುತ್ತದೆ

ಒಂದು ಲೀಟರ್ ಪೆಟ್ರೋಲ್ ಉರಿದರೆ ಸರಿಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ಸೈಲೆನ್ಸರ್ ಚೆನ್ನಾಗಿ ಕಾದಿದ್ದರೆ ಅದು ಆವಿಯಾಗಿ ಹೊರಟುಹೋಗುತ್ತದೆ. ಜಯನಗರದಿಂದ ಲಾಲ್‌ಬಾಗ್‌ವರೆಗೆ ಹೋಗಿ, ಬೆಳಗಿನ ತಿಂಡಿ ಮುಗಿಸಿ ವಾಪಸು ಬಂದು, ಮುಂದಿನ ಭಾನುವಾರದವರೆಗೆ ಕಾರಿಗೆ ಹೊದಿಕೆ ಹಾಕಿಟ್ಟರೆ ಆ ನೀರು ಒಳಗೇ ಉಳಿಯುತ್ತದೆ. ಮಸಿಯ ಜೊತೆ ಸೇರಿ ಬುಷ್ ಒಳಗೆ ಗಾರೆಯಂತೆ ಗಟ್ಟಿಯಾಗುತ್ತದೆ. ಕರಾವಳಿಯವರಿಗೆ ಉಪ್ಪುಗಾಳಿಯ ಕಾಟ ಬೇರೆ.

ಹೆಚ್ಚು ಓಡಿದ ಕಾರಿಗಿಂತ ನಿಂತೇ ಹಳೆಯದಾದ ಕಾರಿನಲ್ಲಿ ಈ ತೊಂದರೆ ಜಾಸ್ತಿ. ಮೀಟರಿನಲ್ಲಿ ಕಡಿಮೆ ಕಿಲೋಮೀಟರ್ ಕಂಡು ಹಿಗ್ಗಿ ಕೊಂಡವರು ಬೇಸರಿಸಬಾರದು.

ಬೇಕಾಗುವ ಸಾಮಾನು

ಒಳ್ಳೆಯ ಜ್ಯಾಕ್, ಎರಡು ಜ್ಯಾಕ್ ಸ್ಟ್ಯಾಂಡ್, ಚಕ್ರಕ್ಕೆ ಕೊಡಲು ಅಡ್ಡಕಟ್ಟೆಗಳು. ಕಣ್ಣಿಗೆ ಕನ್ನಡಕ, ಕೈಗೆ ಗವಸು. ತುಕ್ಕು ಬಿಡಿಸುವ ಎಣ್ಣೆ, ಅಂದರೆ ಪೆನೆಟ್ರೇಟಿಂಗ್ ಆಯಿಲ್. ಗಟ್ಟಿಯಾಗಿ ಕಚ್ಚಿ ಹಿಡಿಯುವ ಲಾಕಿಂಗ್ ಪ್ಲೈಯರ್, ಸಣ್ಣ ಸುತ್ತಿಗೆ, ಹಿತ್ತಾಳೆಯ ಕಡ್ಡಿ, ತಂತಿ ಬ್ರಷ್, ಮೊನೆಯುಳ್ಳ ಸ್ಕ್ರೂಡ್ರೈವರ್, ಮಲ್ಟಿಮೀಟರ್, ಲೋಹಕ್ಕೆ ಲೋಹ ಕಚ್ಚದಂತೆ ತಡೆಯುವ, ನಿಕಲ್ ಬೆರೆತ ಆ್ಯಂಟಿ-ಸೀಝ್ ಲೇಪ.

ಕೈಯಿಂದ ಒತ್ತುವ, ಮೀಟರ್ ಇರುವ ವ್ಯಾಕ್ಯೂಮ್ ಪಂಪ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಔಷಧದ ಅಂಗಡಿಯಲ್ಲಿ 50 ಮಿ.ಲೀ. ಸಿರಿಂಜ್ ಕೊಳ್ಳಿ, ಸೂಜಿ ಬೇಡ. ತುದಿಗೆ ಒಂದು ತುಂಡು ರಬ್ಬರ್ ಕೊಳವೆ ಸಿಕ್ಕಿಸಿದರೆ ಅದೇ ಪಂಪ್. ಒಂದು ಎಳೆತ ಸಾಲದಿದ್ದರೆ ಕೊಳವೆಯನ್ನು ಹಿಸುಕಿ ಹಿಡಿದುಕೊಂಡು ಇನ್ನೊಮ್ಮೆ ಎಳೆಯಬೇಕು, ಅಷ್ಟೇ. ಕೊಳವೆಗೆ ಬಾಯಿ ಹಾಕಿ ಹೀರುವವರನ್ನೂ ಕಂಡಿದ್ದೇನೆ. ಅದರೊಳಗೆ ಏನಿರುತ್ತದೆಂದು ಗೊತ್ತಿದ್ದರೆ ಹೀರುತ್ತಿರಲಿಲ್ಲ.

ಹಂತ 1: ಕಿವಿಗೊಟ್ಟು ಕೇಳಿ

ಕಾರು ರಾತ್ರಿಯಿಡೀ ನಿಂತಿರಬೇಕು. ಬಯಲಿನಲ್ಲಿ ಸ್ಟಾರ್ಟ್ ಮಾಡಿ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಖಂಡಿತ ಬೇಡ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಅದು ತಲೆಗೇರಿದ್ದು ಗೊತ್ತಾಗುವಷ್ಟರಲ್ಲಿ ಕಾಲ ಮೀರಿರುತ್ತದೆ. ಒಬ್ಬರು ಒಳಗೆ ಕುಳಿತು ಬಟನ್ ಒತ್ತಲಿ, ನೀವು ಹಿಂದೆ ನಿಂತು ಆಲಿಸಿ.

ಸದಾ ಜೋರು ಸದ್ದು, 1500ರಿಂದ 2500 ಆರ್‌ಪಿಎಂ ನಡುವೆ ತಲೆ ತಿನ್ನುವ ಗುಂಯ್ ಎಂಬ ನಾದ ಇದ್ದರೆ ಬಿಲ್ಲೆ ತೆರೆದೇ ಇದೆ. ಕಾರಣ ಎರಡರಲ್ಲಿ ಒಂದು: ಶಾಫ್ಟ್ ಕಚ್ಚಿಕೊಂಡಿರಬೇಕು, ಇಲ್ಲವೇ ಡಬ್ಬಿಗೆ ವ್ಯಾಕ್ಯೂಮ್ ಬರುತ್ತಿಲ್ಲ.

ಸದಾ ಮೆತ್ತಗಿನ ಸದ್ದು, ಮೇಲಿನ ಆರ್‌ಪಿಎಂನಲ್ಲಿ ಎಂಜಿನ್ ಉಸಿರು ಕಟ್ಟಿದಂತೆ ಓಡಿದರೆ ಬಿಲ್ಲೆ ಮುಚ್ಚಿಕೊಂಡಿದೆ. ಆಗ ಶಾಫ್ಟಿನ ಮೇಲೆ ಅನುಮಾನ ಹೆಚ್ಚು. ಸೋಲಿನಾಯ್ಡ್ ವ್ಯಾಕ್ಯೂಮನ್ನು ಬಿಡದೆ ಹಿಡಿದಿಟ್ಟುಕೊಂಡಿರುವ ಸಾಧ್ಯತೆಯೂ ಇದೆ.

ಸದ್ದು ಬದಲಾಗುತ್ತದೆ, ಆದರೆ ನಿಂತಲ್ಲಿ ತಗಡು ಗಿಲಿಗಿಲಿ ಎನ್ನುತ್ತದೆ ಎಂದಾದರೆ ಬುಷ್ ಸವೆದಿದೆ. ಎಣ್ಣೆಯಿಂದ ಅದು ವಾಸಿಯಾಗುವುದಿಲ್ಲ, ನೇರವಾಗಿ ಕೆಳಗಿನ "ಬಿಲ್ಲೆ ಬಿಡಲೇ ಇಲ್ಲವೆಂದರೆ" ಎಂಬ ಭಾಗಕ್ಕೆ ಹೋಗಿ.

ಎರಡು ಕೊಳವೆಗಳಿದ್ದರೆ ಎರಡರಲ್ಲಿ ಒಂದೇ ಕೆಟ್ಟಿರಬಹುದು. ಎಡ, ಬಲ ಬೇರೆಯಾಗಿ ಆಲಿಸಿ. ಇನ್ನೊಂದು ಮಾತು: ವಿ8 ವಾಂಟೇಜ್‌ನಂಥ ಕಾರಿನಲ್ಲಿ ಬಟನ್ನೇ ಇಲ್ಲದೆ ಸುಮಾರು 4000 ಆರ್‌ಪಿಎಂ ಆಸುಪಾಸಿನಲ್ಲಿ ಬಿಲ್ಲೆ ತಾನಾಗಿ ತೆರೆಯುತ್ತದೆ. ನಿಂತ ಕಾರಿನಲ್ಲಿ ಸದ್ದು ಬದಲಾಗಲಿಲ್ಲವೆಂದು ಗಾಬರಿಯಾಗಬೇಡಿ.

ಹಂತ 2: ಕಾರು ಎತ್ತಿ

ಎಂಜಿನ್ ಆರಿಸಿ, ಸೈಲೆನ್ಸರ್ ಪೂರ್ತಿ ತಣ್ಣಗಾಗಲಿ. ಮೂರು ಗಂಟೆಯಾದರೂ ಬಿಡಿ. ಸಮತಟ್ಟಾದ ಕಾಂಕ್ರೀಟ್ ನೆಲ ಬೇಕು, ಮಣ್ಣಿನ ಅಂಗಳ ಆಗದು. ಕಾರು ತೀರಾ ತಗ್ಗಿದ್ದು ಜ್ಯಾಕ್ ಒಳಗೆ ಹೋಗದಿದ್ದರೆ ಮೊದಲು ಹಿಂಚಕ್ರಗಳನ್ನು ಎರಡಿಂಚು ದಪ್ಪದ ಮರದ ಹಲಗೆಗಳ ಮೇಲೆ ಹತ್ತಿಸಿಕೊಳ್ಳಿ. ಕೈಪಿಡಿಯಲ್ಲಿ ತೋರಿಸಿದ ಜಾಗಕ್ಕೇ ಜ್ಯಾಕ್ ಕೊಡಿ, ಮುಂಚಕ್ರಗಳಿಗೆ ಅಡ್ಡಕಟ್ಟೆ ಕೊಡಿ, ಸ್ಟ್ಯಾಂಡ್ ಮೇಲೆ ಕೂರಿಸಿ, ಒಮ್ಮೆ ಕಾರನ್ನು ಅಲುಗಿಸಿ ನೋಡಿ. ಬರೀ ಜ್ಯಾಕ್ ನಂಬಿ ಅಡಿಗೆ ಹೋಗಬೇಡಿ. ಈ ಮಾತಿನಲ್ಲಿ ರಿಯಾಯಿತಿ ಇಲ್ಲ.

ಹಂತ 3: ಮೂವರನ್ನು ಬೇರೆ ಕೂರಿಸಿ ವಿಚಾರಿಸಿ

ಇಡೀ ಕೆಲಸದ ಜೀವಾಳ ಇದು. ಶಾಫ್ಟ್, ಡಬ್ಬಿ, ವ್ಯಾಕ್ಯೂಮ್ ದಾರಿ, ಈ ಮೂವರು ಆರೋಪಿಗಳನ್ನು ಒಟ್ಟಿಗೆ ವಿಚಾರಿಸಿದರೆ ಒಬ್ಬರ ಮೇಲೊಬ್ಬರು ಹಾಕುತ್ತಾರೆ. ಹೊಸ ಸೋಲಿನಾಯ್ಡ್ ತರಿಸಿ, ಅದರಿಂದ ಆಗಲಿಲ್ಲವೆಂದು ಡಬ್ಬಿ ತರಿಸಿ, ಕೊನೆಗೆ ಶಾಫ್ಟ್ ಕಚ್ಚಿಕೊಂಡಿದೆ ಎಂದು ತಿಳಿಯುವವರು ಕಡಿಮೆಯಿಲ್ಲ.

ಡಬ್ಬಿಯಿಂದ ಹೊರಟ ಕಡ್ಡಿ ಶಾಫ್ಟಿನ ತೋಳಿಗೆ ಸೇರುವಲ್ಲಿ ಉಗುರಿನಷ್ಟು ಸಣ್ಣ ಕ್ಲಿಪ್ ಇರುತ್ತದೆ. ಅದರ ಮೇಲೆ ಬಟ್ಟೆ ಅಡ್ಡ ಹಿಡಿದು ಸ್ಕ್ರೂಡ್ರೈವರಿನಿಂದ ಮೀಟಿ. ಬಟ್ಟೆ ಹಿಡಿಯದಿದ್ದರೆ ಅದು ಚಿಮ್ಮಿ ಎಲ್ಲಿಗೋ ಹಾರುತ್ತದೆ, ಉಳಿದ ಭಾನುವಾರವನ್ನು ನೀವು ಟಾರ್ಚ್ ಹಿಡಿದು ನೆಲ ಗುಡಿಸುತ್ತಾ ಕಳೆಯುತ್ತೀರಿ. ಬಿಚ್ಚುವ ಮೊದಲು ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಕಡ್ಡಿಯಲ್ಲಿ ಉದ್ದ ಹೊಂದಿಸುವ ತಿರುಪು ಇದ್ದರೆ ಅದನ್ನು ತಿರುಗಿಸಬೇಡಿ.

ಈಗ ತೋಳನ್ನು ಬೆರಳಿನಿಂದ ತಿರುಗಿಸಿ. ಆರೋಗ್ಯವಂತ ಬಿಲ್ಲೆ ಸುಮಾರು ಕಾಲು ಸುತ್ತು ಸಲೀಸಾಗಿ ತಿರುಗಿ, ಎರಡು ಕೊನೆಗಳಲ್ಲೂ ಟಕ್ ಎಂದು ನಿಲ್ಲುತ್ತದೆ. ಅಲುಗದಿದ್ದರೆ ಶಾಫ್ಟ್ ತಪ್ಪಿತಸ್ಥ.

ನಂತರ ಡಬ್ಬಿ. ಅದರ ಕೊಳವೆ ಕಳಚಿ, ಪಂಪ್ ಅಥವಾ ಸಿರಿಂಜ್ ಸಿಕ್ಕಿಸಿ ಎಳೆಯಿರಿ. ಕಡ್ಡಿ ಒಳಕ್ಕೆ ಸರಿಯಬೇಕು. ಪಂಪಿನ ಮೀಟರಿನಲ್ಲಿ 15 ಇಂಚು ಪಾದರಸಕ್ಕೆ (ಇದು ವ್ಯಾಕ್ಯೂಮ್ ಅಳೆಯುವ ಮಾನ) ತಂದು ಒಂದು ನಿಮಿಷ ಬಿಡಿ. ಮುಳ್ಳು ಇಳಿಯುತ್ತಾ ಹೋದರೆ ಒಳಗಿನ ಪೊರೆ ಹರಿದಿದೆ, ಡಬ್ಬಿ ಬದಲಿಸಲೇಬೇಕು. ಪೊರೆಗೆ ತೇಪೆ ಹಾಕುವ ಸಾಹಸ ಬೇಡ.

ಎರಡೂ ಸರಿಯಿದ್ದರೆ ಹಂತ 4ಕ್ಕೆ ಹೋಗಿ. ಶಾಫ್ಟ್ ಕಚ್ಚಿಕೊಂಡಿದ್ದರೆ ಹಂತ 5ಕ್ಕೆ ಹಾರಿ. ಎರಡು ರೋಗವೂ ಒಟ್ಟಿಗಿರಬಹುದು ಎಂಬುದು ನೆನಪಿರಲಿ. ವರ್ಷಗಟ್ಟಲೆ ಕಚ್ಚಿಕೊಂಡ ಶಾಫ್ಟನ್ನು ಎಳೆದೆಳೆದು ಪೊರೆಯೂ ಸೋತಿರುವುದುಂಟು.

ಹಂತ 4: ವ್ಯಾಕ್ಯೂಮ್ ಎಲ್ಲಿ ಕಳೆದುಹೋಯಿತು

ಎಂಜಿನ್ ಓಡುತ್ತಿರುವಾಗ ಡಬ್ಬಿಗೆ ಬರುವ ಕೊಳವೆಯ ತುದಿಗೆ ಮೀಟರ್ ಹಿಡಿಯಬೇಕು. ಇದಕ್ಕಾಗಿ ಕಾರಿನ ಅಡಿಯಲ್ಲಿ ಮಲಗಬೇಡಿ. ಕೊಳವೆಗೆ ಉದ್ದನೆಯ ತುಂಡು ಜೋಡಿಸಿ ಪಕ್ಕಕ್ಕೆ ತಂದುಕೊಳ್ಳಿ.

ಪುಸ್ತಕಗಳು ಸಾಮಾನ್ಯವಾಗಿ ಹೇಳುವ ಲೆಕ್ಕ, ಆರೋಗ್ಯವಂತ ಎಂಜಿನ್ ಐಡಲ್‌ನಲ್ಲಿ, ಅಂದರೆ ಆಕ್ಸಲರೇಟರ್ ಒತ್ತದೆ ಸುಮ್ಮನೆ ಓಡುವಾಗ, 17ರಿಂದ 21 ಇಂಚು ಪಾದರಸ ತೋರಿಸಬೇಕು. ಇದು ಸಮುದ್ರಮಟ್ಟದ ಲೆಕ್ಕ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡವೇ ಕಡಿಮೆ. ಸಾವಿರ ಅಡಿಗೆ ಒಂದು ಇಂಚಿನಂತೆ ಕಳೆದರೆ ಇಲ್ಲಿ ಮೀಟರ್ ಮೂರಿಂಚು ಕಡಿಮೆ ತೋರಿಸುವುದು ಸಹಜ. ಮಂಗಳೂರಿನಲ್ಲಿ 19 ತೋರಿಸುವ ಕಾರು ಇಲ್ಲಿ 16 ತೋರಿಸಿದರೆ ಎಂಜಿನ್ ಸೋತಿದೆ ಎಂದಲ್ಲ. ಮಡಿಕೇರಿಯವರು ನಾಲ್ಕಿಂಚಿನ ಹತ್ತಿರ ಕಳೆದುಕೊಳ್ಳಲಿ.

ಕೊಳವೆಯಲ್ಲಿ ಏನೂ ಇಲ್ಲವೆಂದರೆ ಹಿಮ್ಮುಖವಾಗಿ ನಡೆಯಿರಿ: ಡಬ್ಬಿಯಿಂದ ಸೋಲಿನಾಯ್ಡಿಗೆ, ಅಲ್ಲಿಂದ ವ್ಯಾಕ್ಯೂಮ್ ಕೂಡಿಡುವ ಪ್ಲಾಸ್ಟಿಕ್ ಬುರುಡೆಗೆ, ಅಲ್ಲಿಂದ ಎಂಜಿನ್ನಿಗೆ. ಬಿಸಿಗೆ ಬೆಂದು ಸೀಳಿದ ಕೊಳವೆ, ಮುಟ್ಟಿದರೆ ಮುರಿಯುವ ಪ್ಲಾಸ್ಟಿಕ್ ಮೂಲೆ, ಇವೇ ಹೆಚ್ಚು ಸಿಗುತ್ತವೆ. ಇಲಿ ಕಡಿದ ಗುರುತನ್ನೂ ಹುಡುಕಿ. ನೆಲಮಾಳಿಗೆಯಲ್ಲಿ ತಿಂಗಳುಗಟ್ಟಲೆ ನಿಂತ ಕಾರು ಇಲಿಗಳಿಗೆ ಬಾಡಿಗೆಯಿಲ್ಲದ ಮನೆ.

ಕೊಳವೆ ಬದಲಿಸುವಾಗ ಗೋಡೆ ದಪ್ಪವಿರುವುದನ್ನೇ ಕೊಳ್ಳಿ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಹಳೆಯ ತುಂಡನ್ನೇ ತೋರಿಸಿ ಕೇಳಿ. ಬಣ್ಣ ಚೆಂದವೆಂದು ತೆಳು ಸಿಲಿಕೋನ್ ಕೊಳವೆ ಹಾಕಿದರೆ ವ್ಯಾಕ್ಯೂಮ್ ಬಂದಾಗ ತನ್ನೊಳಗೆ ತಾನೇ ಚಪ್ಪಟೆಯಾಗುತ್ತದೆ. ಆಗ ಕೊಳವೆ ಹೊಸದು, ತೊಂದರೆ ಹಳೆಯದು.

ಸೋಲಿನಾಯ್ಡಿನ ವರೆಗೆ ವ್ಯಾಕ್ಯೂಮ್ ಬಂದು ಮುಂದೆ ಹೋಗದಿದ್ದರೆ, ಮೊದಲು ಫ್ಯೂಸ್ ನೋಡಿ. ಹಿಂದಿನ ಮಾಲೀಕರು ಸದಾ ಜೋರು ಸದ್ದು ಬೇಕೆಂದು ಫ್ಯೂಸನ್ನೇ ಕಿತ್ತಿಟ್ಟಿರುವುದು ಈ ಕಾರುಗಳಲ್ಲಿ ಬಹಳ ಸಾಮಾನ್ಯ. ಅರ್ಧ ದಿನ ಹುಡುಕಿದ ಮೇಲೆ ಖಾಲಿ ಫ್ಯೂಸ್ ಗೂಡು ಕಂಡರೆ ನಗುವುದೋ ಅಳುವುದೋ ಗೊತ್ತಾಗುವುದಿಲ್ಲ. ಫ್ಯೂಸ್ ಸರಿಯಿದ್ದರೆ ಪ್ಲಗ್‌ನಲ್ಲಿ 12 ವೋಲ್ಟ್ ಬರುತ್ತಿದೆಯೇ ಎಂದು ಮಲ್ಟಿಮೀಟರಿನಿಂದ ಅಳೆಯಿರಿ. ಬರುತ್ತಿದ್ದು ಸೋಲಿನಾಯ್ಡ್ ಟಿಕ್ ಎನ್ನದಿದ್ದರೆ ಅದು ಸತ್ತಿದೆ.

ಹೆಚ್ಚಿನವರು ಮರೆಯುವ ಸಂಗತಿ ಒಂದಿದೆ. ಸೋಲಿನಾಯ್ಡಿಗೆ ಹೊರಗಿನ ಗಾಳಿ ಒಳಬಿಡುವ ಸಣ್ಣ ಉಸಿರುಗಂಡಿಯಿದೆ, ಅದಕ್ಕೊಂದು ಸ್ಪಂಜಿನ ಸೋಸುಕ. ಅದು ಧೂಳಿನಿಂದ ಮುಚ್ಚಿದರೆ ಡಬ್ಬಿಯೊಳಗಿನ ವ್ಯಾಕ್ಯೂಮ್ ಬಿಡುಗಡೆಯಾಗುವುದಿಲ್ಲ, ಬಿಲ್ಲೆ ಮುಚ್ಚಿಯೇ ಉಳಿಯುತ್ತದೆ. ಎಲ್ಲ ಸರಿಯಿದ್ದೂ ಸದ್ದು ತೆರೆಯದಿದ್ದರೆ ಇಲ್ಲಿ ನೋಡಿ.

ಹಂತ 5: ಶಾಫ್ಟ್ ಬಿಡಿಸುವುದು

ಬುಷ್ ಸುತ್ತಲಿನ ತುಕ್ಕನ್ನು ತಂತಿ ಬ್ರಷ್‌ನಿಂದ ಕೆರೆಯಿರಿ. ಶಾಫ್ಟ್ ಬುಷ್ ಸೇರುವ ಸಂದಿ ಕೂದಲೆಳೆಯಷ್ಟು ಗೆರೆಯಾಗಿ ಕಾಣಬೇಕು, ಎಣ್ಣೆ ಇಳಿಯುವ ದಾರಿ ಅದೊಂದೇ. ಎರಡೂ ತುದಿಗೆ ಎಣ್ಣೆ ಬಿಡಿ. ತೋಳು ಇರುವ ಬದಿಗೆ ಮಾತ್ರ ಬಿಟ್ಟು, ಇನ್ನೊಂದು ತುದಿ ಮರೆತು, "ಎಣ್ಣೆ ಕೆಲಸ ಮಾಡಲಿಲ್ಲ" ಎನ್ನುವುದು ಸಾಮಾನ್ಯ ತಪ್ಪು.

ಡಬ್ಲ್ಯುಡಿ-40 ಸಾಕೇ ಎಂದು ಎಲ್ಲರೂ ಕೇಳುತ್ತಾರೆ. ಅದರ ಹೆಸರಿನ ಅರ್ಥವೇ ನೀರು ಸರಿಸುವುದು, ನಲವತ್ತನೆಯ ಪ್ರಯತ್ನ. ತೇವ ಓಡಿಸಲು ಚೆನ್ನ, ಗಟ್ಟಿ ತುಕ್ಕಿಗೆ ಅದು ಸಾಲದು. ತುಕ್ಕು ಬಿಡಿಸಲೆಂದೇ ಮಾಡಿದ ಎಣ್ಣೆ ತನ್ನಿ. ಆಟೋಮ್ಯಾಟಿಕ್ ಗೇರ್ ಆಯಿಲ್ ಮತ್ತು ಆ್ಯಸಿಟೋನ್ ಸಮಪಾಲು ಬೆರೆಸಿ ಬಳಸುವವರೂ ಇದ್ದಾರೆ. ಕೆಲಸ ಮಾಡುತ್ತದೆ ನಿಜ, ಆದರೆ ಆ್ಯಸಿಟೋನ್ ಪೆಟ್ರೋಲಿನಂತೆ ಹೊತ್ತಿಕೊಳ್ಳುತ್ತದೆ, ಬಂಪರಿನ ಬಣ್ಣವನ್ನೂ ತಿನ್ನುತ್ತದೆ. ನಾನಂತೂ ಕಾರಿನ ಅಡಿಯಲ್ಲಿ ಅದನ್ನು ಬಳಸುವುದಿಲ್ಲ.

ಶುಕ್ರವಾರ ರಾತ್ರಿ ಎಣ್ಣೆ ಬಿಟ್ಟು ಮಲಗಿ. ಶನಿವಾರ ಬೆಳಿಗ್ಗೆ ಮತ್ತೊಮ್ಮೆ ಬಿಡಿ, ಒಂದು ಗಂಟೆ ಕಾಯಿರಿ. ನಂತರ ಶಾಫ್ಟಿನ ತುದಿಗೆ ಹಿತ್ತಾಳೆ ಕಡ್ಡಿ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ, ಬಾಗಿಲು ತಟ್ಟುವಷ್ಟೇ ಬಲದಿಂದ, ಹತ್ತಿಪ್ಪತ್ತು ಸಲ ತಟ್ಟಿ. ತುಕ್ಕಿನ ಹಿಡಿತ ಸಡಿಲಿಸುವುದು ಬಲವಲ್ಲ, ಈ ಕಂಪನ.

ಈಗ ಲಾಕಿಂಗ್ ಪ್ಲೈಯರಿನಿಂದ ತೋಳನ್ನು ಶಾಫ್ಟಿಗೆ ತೀರಾ ಹತ್ತಿರದಲ್ಲಿ ಹಿಡಿದು ಎರಡೂ ಕಡೆಗೆ ಒತ್ತಿ. ಒಂದೇ ದಿಕ್ಕಿಗೆ ಬಲ ಹಾಕಬೇಡಿ. ಮೊದಲು ಏನೂ ಆಗದು. ಆಮೇಲೆ ಕಣ್ಣಿಗೆ ಕಾಣದಷ್ಟು, ಕೈಗೆ ಮಾತ್ರ ತಿಳಿಯುವಷ್ಟು ಒಂದು ಮಿಡುಕು. ಅಲ್ಲಿಗೇ ನಿಲ್ಲಿಸಿ, ಎಣ್ಣೆ ಬಿಡಿ. ಮತ್ತೆ ಅಲುಗಿಸಿದಾಗ ಸಂದಿಯಿಂದ ಕಾಫಿ ಗಸಿಯಂಥ ಕಂದು ಕೆಸರು ಹೊರಬರುತ್ತದೆ. ಅದನ್ನು ಕಂಡರೆ ಕೆಲಸ ಮುಕ್ಕಾಲು ಮುಗಿಯಿತು ಎಂದೇ ಅರ್ಥ. ಒರೆಸಿ, ಎಣ್ಣೆ ಬಿಡಿ, ಅಲುಗಿಸಿ. ಎರಡು ಡಿಗ್ರಿ ಐದಾಗುತ್ತದೆ, ಐದು ಇಪ್ಪತ್ತಾಗುತ್ತದೆ.

ಸನ್ನೆಬಲ ಹೆಚ್ಚಲೆಂದು ಪ್ಲೈಯರಿಗೆ ಪೈಪ್ ಸಿಕ್ಕಿಸಿ ಎಳೆಯುವ ಆಸೆ ಇಲ್ಲಿ ಬಂದೇ ಬರುತ್ತದೆ. ಬೇಡ. ಬಿಲ್ಲೆಯನ್ನು ಶಾಫ್ಟಿಗೆ ಹಿಡಿದಿರುವುದು ಒಂದೆರಡು ಚುಕ್ಕೆ ಬೆಸುಗೆ. ಅದು ಕಿತ್ತುಬಂದರೆ ಹೊರಗೆ ತೋಳು ಚೆನ್ನಾಗಿ ತಿರುಗುತ್ತದೆ, ಒಳಗೆ ಬಿಲ್ಲೆ ತನ್ನಿಷ್ಟದಂತೆ ಕುಣಿಯುತ್ತದೆ. ಆಮೇಲೆ ಸೈಲೆನ್ಸರ್ ಕತ್ತರಿಸದೆ ದಾರಿಯಿಲ್ಲ. ಇನ್ನೊಂದು ಎಚ್ಚರ: ಡಬ್ಬಿಯ ಕಡ್ಡಿ ಹಿಡಿದು ಎಳೆದು ಶಾಫ್ಟ್ ಬಿಡಿಸಲು ಹೋಗಬೇಡಿ, ಪೊರೆ ಹರಿಯುತ್ತದೆ.

ಸಂಜೆಯ ವರೆಗೂ ಜಗ್ಗದಿದ್ದರೆ ಬೇಸರ ಬೇಡ. ಎಣ್ಣೆಯನ್ನು ಚೆನ್ನಾಗಿ ಒರೆಸಿ, ಕಾರನ್ನು ಇಳಿಸಿ, ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಿ ಬನ್ನಿ. ಕಾದು ಹಿಗ್ಗಿ, ತಣಿದು ಕುಗ್ಗುವಾಗ ತುಕ್ಕು ಬಿರಿಯುತ್ತದೆ. ಕೈ ಇಡುವಷ್ಟು ತಣಿದ ಮೇಲೆ ಮತ್ತೆ ಎಣ್ಣೆ ಬಿಟ್ಟರೆ ಆ ಬಿರುಕುಗಳಲ್ಲಿ ಇಳಿಯುತ್ತದೆ. ಇಂಥ ಮೂರು ನಾಲ್ಕು ಸುತ್ತು ಬೇಕಾಗಬಹುದು.

ಹಂತ 6: ಬೆಂಕಿ, ಬೇರೆ ದಾರಿಯಿಲ್ಲದಿದ್ದರೆ ಮಾತ್ರ

ಕೈ ಬರ್ನರಿನಿಂದ ಬುಷ್ ಸುತ್ತಲಿನ ಹೊರಭಾಗವನ್ನು ಕಾಯಿಸಿದರೆ ಅದು ಹಿಗ್ಗಿ ಶಾಫ್ಟನ್ನು ಬಿಡುತ್ತದೆ. ಶಾಫ್ಟನ್ನೇ ಕಾಯಿಸಿದರೆ ಪರಿಣಾಮ ತದ್ವಿರುದ್ಧ. ಸೈಲೆನ್ಸರ್ ಕಾರಿನಲ್ಲೇ ಇರುವಾಗ ಈ ಕೆಲಸ ಮಾಡುವುದಕ್ಕೆ ನನ್ನ ಸಮ್ಮತಿಯಿಲ್ಲ. ಹತ್ತಿರದಲ್ಲೇ ಬಂಪರಿನ ಪ್ಲಾಸ್ಟಿಕ್, ಡಬ್ಬಿಯ ರಬ್ಬರ್, ವೈರುಗಳು, ಪೋರ್ಷೆ 911ರಂಥ ಹಿಂಬದಿ ಎಂಜಿನ್ನಿನ ಕಾರಿನಲ್ಲಿ ಎಂಜಿನ್ ಆಯಿಲ್ ಕೂಡ ಇದೆ. ಸೈಲೆನ್ಸರ್ ಬಿಚ್ಚಿ ಬೆಂಚಿನ ಮೇಲಿಟ್ಟು, ಡಬ್ಬಿ ಕಳಚಿ, ಎಣ್ಣೆ ಪೂರ್ತಿ ಒರೆಸಿ, ಆಮೇಲೆ ಕಾಯಿಸಿ.

ಬ್ರೇಕ್ ಕ್ಲೀನರಿನಿಂದ ತೊಳೆದು ನಂತರ ಬೆಂಕಿ ಹಿಡಿಯುವುದು ಪ್ರಾಣಕ್ಕೇ ಅಪಾಯ. ಕ್ಲೋರಿನ್ ಬೆರೆತ ಕ್ಲೀನರ್ ಕಾದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಅದು ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ಅನಿಲ.

ಸೈಲೆನ್ಸರ್ ಬಿಚ್ಚುವಾಗ ನಟ್ಟುಗಳೂ ಕಚ್ಚಿಕೊಂಡಿರುತ್ತವೆ, ಅವಕ್ಕೂ ಹಿಂದಿನ ದಿನವೇ ಎಣ್ಣೆ ಬಿಟ್ಟಿರಿ. ಮರುಜೋಡಣೆಗೆ ಹೊಸ ಗ್ಯಾಸ್ಕೆಟ್, ಅಂದರೆ ಜೋಡಣೆಯಲ್ಲಿ ಅನಿಲ ಸೋರದಂತೆ ತಡೆಯುವ ತೆಳು ಪಟ್ಟಿ, ತಂದಿಟ್ಟುಕೊಂಡೇ ಬಿಚ್ಚಿ.

ಹಂತ 7: ಲೇಪ

ಶಾಫ್ಟ್ ಬೆರಳಿಗೆ ತಿರುಗುವಂತಾದ ಮೇಲೆ ಐವತ್ತು ಸಲ ತೆರೆದು ಮುಚ್ಚಿ. ಕೆಸರು ಬರುವುದು ನಿಲ್ಲುವವರೆಗೆ ಒರೆಸಿ. ನಂತರ ನಿಕಲ್ ಆ್ಯಂಟಿ-ಸೀಝ್ ಲೇಪವನ್ನು ಸಂದಿಗೆ ತೆಳ್ಳಗೆ ಸವರಿ ಮತ್ತೆ ಆಡಿಸಿ. ಮನೆಯಲ್ಲಿರುವ ಸಾಮಾನ್ಯ ಗ್ರೀಸ್ ಹಚ್ಚಬೇಡಿ. ಈ ಬಿಸಿಗೆ ಅದು ಸುಟ್ಟು ಇದ್ದಿಲಾಗಿ, ತಿಂಗಳೊಳಗೆ ಮೊದಲಿಗಿಂತ ಗಟ್ಟಿಯಾಗಿ ಹಿಡಿಯುತ್ತದೆ.

ಹಂತ 8: ಜೋಡಣೆ

ಕಡ್ಡಿ, ಕ್ಲಿಪ್, ಕೊಳವೆ, ಚಿತ್ರದಲ್ಲಿದ್ದಂತೆ. ಕಾರು ಇಳಿಸಿ ಬಯಲಿಗೆ ತಂದು ಸ್ಟಾರ್ಟ್ ಮಾಡಿ, ಹತ್ತು ಸಲ ಬಟನ್ ಒತ್ತಿ ನೋಡಿ. ಮೊದಲ ಹತ್ತು ಹದಿನೈದು ನಿಮಿಷ ಉಳಿದ ಎಣ್ಣೆ ಸುಟ್ಟು ತುಸು ಹೊಗೆ ಬರುತ್ತದೆ. ಅದು ಸಹಜ, ಆದರೂ ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತಿರಲಿ. ಸೈಲೆನ್ಸರ್ ಬಿಚ್ಚಿದ್ದರೆ ಮೊದಲ ಓಡಾಟದ ನಂತರ ತಣಿಸಿ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ.

ಬಿಲ್ಲೆ ಬಿಡಲೇ ಇಲ್ಲವೆಂದರೆ

ಬುಷ್ ಸವೆದಿದ್ದರೆ, ಬೆಸುಗೆ ಕಿತ್ತಿದ್ದರೆ, ಅಥವಾ ವಾರವಿಡೀ ಹೆಣಗಿದರೂ ಶಾಫ್ಟ್ ಬಿಡದಿದ್ದರೆ ಹೊಸ ಸೈಲೆನ್ಸರ್ ಕೊಳ್ಳಿ ಎಂಬ ಸಲಹೆ ಬರುತ್ತದೆ. ಈ ಕಾರುಗಳಿಗೆ ಅದು ಲಕ್ಷಗಳ ಲೆಕ್ಕ. ಅದಕ್ಕೆ ಮುಂಚೆ ಟಿಗ್ ವೆಲ್ಡಿಂಗ್ ಚೆನ್ನಾಗಿ ಬಲ್ಲ ಕಾರ್ಯಾಗಾರ ಹುಡುಕಿ. ಹಳೆಯ ಕವಾಟದ ಭಾಗವನ್ನಷ್ಟೇ ಕತ್ತರಿಸಿ, ಅದೇ ಅಳತೆಯ ಸ್ಟೇನ್‌ಲೆಸ್ ಕವಾಟ ಬೆಸೆಯಬಹುದು. ಬಿಲ್ಲೆ ತಿರುಗುವ ದಿಕ್ಕು ಮತ್ತು ತೋಳಿನ ಕೋನ ಹಳೆಯದರಂತೆಯೇ ಇರಬೇಕು, ಕತ್ತರಿಸುವ ಮೊದಲೇ ಗುರುತು ಹಾಕಿಸಿ. ಕಾರಿನ ಮೇಲೇ ಬೆಸೆಯುತ್ತೇವೆ ಎಂದರೆ ಬ್ಯಾಟರಿ ಕಳಚಿಸದೆ ಒಪ್ಪಬೇಡಿ.

ಕೊಳವೆ ಕಳಚಿ ಬಿಲ್ಲೆಯನ್ನು ತೆರೆದೇ ಇಟ್ಟು ಓಡಿಸುವವರಿದ್ದಾರೆ. ತಾತ್ಕಾಲಿಕವಾಗಿ ಹಾಗೆ ಮಾಡುವುದಾದರೆ ಕಳಚಿದ ಕೊಳವೆಯ ಬಾಯಿಗೆ ಬಿರಡೆ ಹಾಕಿ, ಇಲ್ಲವಾದರೆ ಎಂಜಿನ್ ಅಲ್ಲಿಂದ ಗಾಳಿ ಎಳೆದು ಐಡಲ್ ತಪ್ಪುತ್ತದೆ. ಕಾಯಂ ಆಗಿ ಬಿಡುವ ಆಲೋಚನೆಯಿದ್ದರೆ ಕಾನೂನನ್ನೂ ತಿಳಿದಿರಿ. ಶಬ್ದಮಿತಿ ಮೀರಿದ ವಾಹನ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಸೆಕ್ಷನ್ ಪ್ರಕಾರ, 2019ರ ತಿದ್ದುಪಡಿಯ ನಂತರ, ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆ ಅಥವಾ ಎರಡೂ ಆಗಬಹುದು. ಮೂರು ತಿಂಗಳು ಚಾಲನಾ ಪರವಾನಗಿಗೂ ಅನರ್ಹರಾಗುತ್ತೀರಿ.

ಮೋಟಾರ್ ಇರುವ ಕವಾಟ

ಡಬ್ಬಿಯ ಬದಲು ವೈರು ಸೇರಿದ ಕಪ್ಪು ಪೆಟ್ಟಿಗೆ ಕಂಡರೆ ಅದು ಮೋಟಾರ್. ಅದರೊಳಗೆ ಸಣ್ಣ ಗೇರುಗಳಿವೆ, ಹೊರಗಿನಿಂದ ಬಲವಂತವಾಗಿ ತಿರುಗಿಸಬೇಡಿ. ಮೊದಲು ಸ್ಕ್ಯಾನರ್ ಜೋಡಿಸಿ ದೋಷದ ಕೋಡ್ ಓದಿಸಿ. ನಂತರ ತಿರುಪು ಬಿಚ್ಚಿ ಮೋಟಾರನ್ನು ಬೇರ್ಪಡಿಸಿ, ಶಾಫ್ಟನ್ನು ಒಂಟಿಯಾಗಿ ಪರೀಕ್ಷಿಸಿ. ಬಿಡಿಸುವ ವಿಧಾನ ಮೇಲಿನದೇ. ಮೋಟಾರ್ ಮತ್ತು ಶಾಫ್ಟ್ ನಡುವೆ ಬಾಗಿದ ಉಕ್ಕಿನ ಪುಟ್ಟ ಸ್ಪ್ರಿಂಗ್ ತಗಡೊಂದು ಇರಬಹುದು. ಕಳಚುವಾಗ ಉದುರಿಹೋದರೆ ಗೊತ್ತೇ ಆಗುವುದಿಲ್ಲ, ಕೆಳಗೆ ಬಟ್ಟೆ ಹಾಸಿಕೊಂಡಿರಿ. ಮೋಟಾರ್ ಹೊಸದು ಹಾಕಿದರೆ ಬಹಳಷ್ಟು ಕಾರುಗಳಲ್ಲಿ ತೆರೆದ, ಮುಚ್ಚಿದ ಕೊನೆಗಳನ್ನು ಸ್ಕ್ಯಾನರ್ ಮೂಲಕ ಕಲಿಸಬೇಕಾಗುತ್ತದೆ.

ಇನ್ನೂ ಕಾರು ಕೊಂಡಿಲ್ಲದವರಿಗೆ

ನೋಡಲು ಹೋದಾಗ ಎಂಜಿನ್ ತಣ್ಣಗಿರಬೇಕೆಂದು ಮೊದಲೇ ಹೇಳಿ. ಬಾನೆಟ್ ಅಥವಾ ಸೈಲೆನ್ಸರ್ ತುದಿಯ ಹತ್ತಿರ ಕೈ ಹಿಡಿದು ಬಿಸಿಯಿದೆಯೇ ನೋಡಿ, ಮುಟ್ಟಬೇಡಿ. ಸ್ಟಾರ್ಟ್ ಮಾಡುವ ಮುನ್ನ ಬಗ್ಗಿ, ಟಾರ್ಚ್ ಬಿಟ್ಟು ಕೊಳವೆಯೊಳಗೆ ಇಣುಕಿ. ಕೆಲವು ಕಾರುಗಳಲ್ಲಿ ಬಿಲ್ಲೆ ತುದಿಯಿಂದಲೇ ಕಾಣುತ್ತದೆ, ತಂತಿಯಿಂದ ಬಿಗಿದಿದ್ದರೆ ಅದೂ ಕಾಣುತ್ತದೆ. ಮಾರುವವರು "ಇದಕ್ಕೆ ಸದ್ದು ಹಾಗೇ ಇರುವುದು" ಎಂದರೆ ಬಟನ್ ಒತ್ತಿ ತೋರಿಸಲು ಹೇಳಿ.

ಬಿಡಿಸಿದ ಕವಾಟ ಮತ್ತೆ ಕಚ್ಚಿಕೊಳ್ಳದಿರಲು ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ನಿಲ್ಲಿಸದೆ ಓಡಿಸಿ, ಆಗ ನಾಲ್ಕೈದು ಸಲ ಬಟನ್ ಒತ್ತಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಸಂದಿಗೆ ಲೇಪ ಸವರಿ. ನೀರು ನಿಂತ ಅಂಡರ್‌ಪಾಸಿನಲ್ಲಿ ಹಾದು ಬಂದಿದ್ದರೆ ಮನೆಗೆ ಬಂದ ತಕ್ಷಣ ಹೊದಿಕೆ ಹಾಕಬೇಡಿ. ಹೊರವರ್ತುಲ ರಸ್ತೆಯಲ್ಲಿ ಇನ್ನೊಂದು ಸುತ್ತು ಹೋಗಿ ಸೈಲೆನ್ಸರ್ ಒಣಗಿಸಿಕೊಂಡೇ ಬಂದು ನಿಲ್ಲಿಸಿ.